ಅರಬೈಲ್ ಘಟ್ಟದಲ್ಲಿ ಮಾವನಿಗೆ ಬಂದ ಮಾರ್ಕ್ಸ್: 68

ಅಂಕೋಲಾದ ಬಾಳೆಗುಳಿ ಕ್ರಾಸ್‌ನಲ್ಲಿ ಚಹಾ ಕುಡೀತಾ ಕೂತಿದ್ದಾಗ ಮಾವ ಫೋನ್ ತೆಗೆದು ನನ್ನ ಮುಂದೆ ಹಿಡಿದರು. ಪರದೆ ಮೇಲೊಂದು ಕೆಂಪು ವೃತ್ತ, ಅದರೊಳಗೆ 68. ಹಿಂದಿನ ವಾರ 81 ಇತ್ತಂತೆ.

"ತಮಾ, ಇದೆಲ್ಲ ನಿಮ್ಮಂಥವ್ರು ಮಾಡಿದ್ದೇ ಅಲ್ವಾ? 75ರ ಕೆಳಗೆ ಹೋದ್ರೆ ಈ ತಿಂಗಳ ಇನ್ಸೆಂಟಿವ್ ಇಲ್ಲ ಅಂದಿದ್ದಾರೆ. ನಾನು ಎಂತ ತಪ್ಪು ಮಾಡಿದೆ ಅಂತ ನೋಡಿ ಹೇಳು ಮಾರಾಯ."

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಬೆಂಗಳೂರಲ್ಲಿ ಎರಡು ವರ್ಷ ನಾನು ಇಂಥದ್ದೇ ಸಾಫ್ಟ್‌ವೇರ್ ಬರೆದವನು. ಮಾವನ ಲಾರಿಯಲ್ಲಿರುವ ಡಬ್ಬಿ ಬೇರೆ ಕಂಪನಿಯದು, ಆದರೆ ಲೆಕ್ಕ ಹೆಚ್ಚುಕಮ್ಮಿ ಒಂದೇ. ಡ್ಯಾಶ್‌ಬೋರ್ಡ್ ಒಳಗಿನ ಡಬ್ಬಿಯಲ್ಲಿ ಜಿಪಿಎಸ್ ಮತ್ತು ಆಕ್ಸೆಲೆರೋಮೀಟರ್ ಇರುತ್ತೆ. ಕೆಲವು ಗಾಡಿಗಳಲ್ಲಿ ರಸ್ತೆ ಕಡೆಗೊಂದು, ಡ್ರೈವರ್ ಮುಖದ ಕಡೆಗೊಂದು ಕ್ಯಾಮೆರಾ ಕೂಡ. ಒಂದೇ ಸೆಕೆಂಡಲ್ಲಿ ವೇಗ ಗಂಟೆಗೆ 12–13 ಕಿ.ಮೀ.ನಷ್ಟು ಇಳಿದರೆ ಅದು 'ಹಾರ್ಶ್ ಬ್ರೇಕಿಂಗ್'. ನಾವು ಇಟ್ಟುಕೊಂಡಿದ್ದ ಮಿತಿ ಅದು. ಹೀಗೆ ಬ್ರೇಕು, ತಿರುವು, ಓವರ್‌ಸ್ಪೀಡು, ಫೋನು, ಆಕಳಿಕೆ ಎಲ್ಲ ಎಣಿಸಿ, ಪ್ರತಿ 100 ಕಿ.ಮೀ.ಗೆ ಎಷ್ಟು ಅಂತ ಭಾಗಿಸಿ, ನೂರರಿಂದ ಕಳೆದರೆ ಸ್ಕೋರ್ ಬಂತು.

ಆಪ್‌ನಲ್ಲಿ ಆ ವಾರದ ಟ್ರಿಪ್ ತೆಗೆದೆ. ರಾಮನಗುಳಿಯಿಂದ ಅರಬೈಲ್ ಘಟ್ಟದವರೆಗೆ ನಾಲ್ಕು ಕೆಂಪು ಚುಕ್ಕಿ, ಅಂಕೋಲಾ ಹತ್ತಿರ ಎರಡು. ಮಾವನಿಗೆ ಒಂದೊಂದೂ ನೆನಪಿತ್ತು. "ಇದು ದನ. ಇದೂ ದನ. ಇಲ್ಲಿ ಬಸ್ಸಿನವ ಓವರ್‌ಟೇಕ್ ಮಾಡಿ ಎದುರಿಗೇ ಬಂದ. ಇದು ಹೊಂಡ." ಐದನೆಯದರಲ್ಲಿ ಲಾರಿ ಹೆದ್ದಾರಿ ಮೇಲೆ ಸರಿಯಾದ ವೇಗದಲ್ಲೇ ಇತ್ತು; ಮ್ಯಾಪ್ ಅದನ್ನು ಪಕ್ಕದ ಸರ್ವಿಸ್ ರೋಡಿನಲ್ಲಿದೆ ಅಂದುಕೊಂಡು ಓವರ್‌ಸ್ಪೀಡ್ ಹಾಕಿತ್ತು. ಆರನೆಯದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನನ್ನದೇ. ನಿನ್ನ ಅತ್ತೆ ಫೋನ್ ಮಾಡಿದ್ಲು" ಅಂದರು.

ಆರರಲ್ಲಿ ಒಂದು ನಿಜವಾದ ತಪ್ಪು. ಕೋಡ್ ಬರೆಯುವಾಗ 'ದನ' ಅನ್ನೋ ಕಾಲಂ ನಾವ್ಯಾರೂ ಯೋಚಿಸಿರಲಿಲ್ಲ. ಘಟ್ಟದಲ್ಲಿ ಓಡಿಸುವವನನ್ನೂ ತುಮಕೂರು ಕಡೆಯ ಆರು ಲೇನ್ ರಸ್ತೆಯಲ್ಲಿ ಓಡಿಸುವವನನ್ನೂ ಒಂದೇ ತಕ್ಕಡಿಗೆ ಹಾಕಿದ್ದೆವು.

ಹಾಗಂತ ಡಬ್ಬಿಯೇ ಬೇಡ ಅನ್ನೋಕಾಗಲ್ಲ. ಬಳ್ಳಾರಿಯಿಂದ ಬೇಲೆಕೇರಿ ಬಂದರಿಗೆ ಅದಿರು ಬರುತ್ತಿದ್ದ ಕಾಲದಲ್ಲಿ ಮಾವನೂ ಅದೇ ರಸ್ತೆಯಲ್ಲಿ ಓಡಿಸಿದವರು. ಆಗ ಇದ್ದದ್ದು ಒಂದೇ ಸ್ಕೋರು: ಎಷ್ಟು ಟ್ರಿಪ್. ಓವರ್‌ಲೋಡ್, ನಿದ್ದೆಗೆಟ್ಟ ಕಣ್ಣು ಯಾರಿಗೂ ಬೇಕಿರಲಿಲ್ಲ. ಕುಮಟಾ ತಾಲ್ಲೂಕಿನ ಬರ್ಗಿಯಲ್ಲಿ 2015ರಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಬೆಂಕಿ ಹತ್ತಿದ್ದನ್ನು ಈ ಕಡೆಯವರು ಮರೆತಿಲ್ಲ. ಟ್ಯಾಂಕರ್ ಎಲ್ಲಿದೆ, ಎಷ್ಟು ವೇಗದಲ್ಲಿದೆ ಅಂತ ಯಾರಾದರೂ ನೋಡ್ತಾ ಇರಲಿ ಅಂತಲೇ ರಸ್ತೆ ಪಕ್ಕದ ಮನೆಯವರು ಬಯಸೋದು. "ಕ್ಯಾಮೆರಾ ಬಂದ ಮೇಲೆ ಹುಡುಗ್ರು ವಾಟ್ಸಾಪ್ ನೋಡ್ತಾ ಓಡ್ಸೋದು ಕಮ್ಮಿ ಆಗದೆ" ಅಂತ ಮಾವನೂ ಒಪ್ಪುತ್ತಾರೆ.

ಕಾರವಾರದಲ್ಲಿ ಆರು ಲಾರಿ ಇಟ್ಟುಕೊಂಡಿರುವ ಪರಿಚಯದವರೊಬ್ಬರ ಕಷ್ಟ ಬೇರೆ. ಲೋಡ್ ಕೊಡುವ ದೊಡ್ಡ ಕಂಪನಿಗಳು ಈಗ ಸ್ಕೋರ್ ಕೇಳುತ್ತವೆ. ಆರು ಜನ ಡ್ರೈವರ್‌ಗಳಲ್ಲಿ ಒಬ್ಬನಿಗೆ ಒಂದು ಕೆಟ್ಟ ವಾರ ಬಂದರೆ ಇಡೀ ಸರಾಸರಿ ಕುಸಿಯುತ್ತೆ. ಆರುನೂರು ಗಾಡಿ ಇರುವವನಿಗೆ ಅದು ಗೊತ್ತೂ ಆಗಲ್ಲ. ಮೋಟಾರ್ ವಿಮೆಯಲ್ಲಿ ಹೇಗೆ ಓಡಿಸ್ತೀರಿ ಅನ್ನೋದರ ಮೇಲೆ ಪ್ರೀಮಿಯಂ ಹಾಕಲು ಐಆರ್‌ಡಿಎಐ 2022ರ ಜುಲೈನಲ್ಲೇ ಅವಕಾಶ ಕೊಟ್ಟಿದೆ. ಹಾಗಾಗಿ ಈ ನಂಬರ್ ಇನ್ನೂ ಎಲ್ಲೆಲ್ಲಿ ಬಂದು ಕೂರುತ್ತೋ ಅಂತ ಅವರ ಚಿಂತೆ.

ಅಮೆರಿಕದವರು ಇದನ್ನೆಲ್ಲ ನಮಗಿಂತ ಮೊದಲೇ ಅನುಭವಿಸಿದ್ದಾರೆ. ಅಲ್ಲಿನ ಸರ್ಕಾರ 2010ರ ಡಿಸೆಂಬರ್‌ನಲ್ಲಿ ಸಿಎಸ್‌ಎ ಅನ್ನೋ ಯೋಜನೆ ತಂದು, ಪ್ರತಿ ಟ್ರಕ್ ಕಂಪನಿಯನ್ನು ಏಳು ವಿಭಾಗಗಳಲ್ಲಿ ಅಳೆಯತೊಡಗಿತು. ಸಣ್ಣ ಕಂಪನಿಗಳನ್ನು ಸರಿಯಾಗಿ ಅಳೆಯುವಷ್ಟು ಮಾಹಿತಿಯೇ ಇಲ್ಲ ಅಂತ ಸರ್ಕಾರದ್ದೇ ಲೆಕ್ಕಪರಿಶೋಧಕರು 2014ರಲ್ಲಿ ಹೇಳಿದರು. 2015ರಲ್ಲಿ ಅಲ್ಲಿನ ಸಂಸತ್ತು ಸರಕು ಸಾಗಣೆ ಕಂಪನಿಗಳ ರ್‍ಯಾಂಕನ್ನು ಸಾರ್ವಜನಿಕರಿಗೆ ತೋರಿಸಬೇಡಿ ಅಂದಿತು. ಯಾರ ತಪ್ಪಿನಿಂದ ಆದ ಅಪಘಾತವಾದರೂ ಕಂಪನಿಯ ಲೆಕ್ಕಕ್ಕೆ ಸೇರುತ್ತಿತ್ತು. 2020ರಿಂದಷ್ಟೇ ಕೆಲವು ಬಗೆಯವನ್ನು ಪರಿಶೀಲಿಸಿ ಬಿಡುವ ಪದ್ಧತಿ ನೆಲೆಗೊಂಡಿದೆ. ನನಗೆ ಕುತೂಹಲ ಅನ್ನಿಸಿದ್ದು ಇನ್ನೊಂದು. ಓಡಿಸುವ ಗಂಟೆಗಳನ್ನು ತಾನೇ ದಾಖಲಿಸುವ ಎಲೆಕ್ಟ್ರಾನಿಕ್ ಯಂತ್ರ 2017ರಲ್ಲಿ ಕಡ್ಡಾಯವಾಯಿತು. ಆಮೇಲೆ ಸಂಶೋಧಕರು ನೋಡಿದಾಗ ಗಂಟೆ ಮೀರಿ ಓಡಿಸೋದು ಕಡಿಮೆಯಾಗಿತ್ತು, ಆದರೆ ಸಣ್ಣ ಕಂಪನಿಗಳ ಡ್ರೈವರ್‌ಗಳು ಹೆಚ್ಚು ಸ್ಪೀಡಾಗಿ ಓಡಿಸತೊಡಗಿದ್ದರು. ಅಪಘಾತ ಮಾತ್ರ ಇಳಿದಿರಲಿಲ್ಲ. ತಲುಪಬೇಕಾದ ಟೈಮ್ ಅಷ್ಟೇ ಇಟ್ಟು ಗಂಟೆ ಕತ್ತರಿಸಿದರೆ ಇನ್ನೇನಾಗುತ್ತೆ?

ನಮ್ಮಲ್ಲೂ ಗಂಟೆಯ ಲೆಕ್ಕ ಹೊಸದೇನಲ್ಲ. ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಇದನ್ನು ಹೇಳಿದಾಗ ಮಾವ ನಕ್ಕರು. ಲೋಡಿಂಗ್ ಪಾಯಿಂಟ್‌ನಲ್ಲಿ ಒಂಬತ್ತು ಗಂಟೆ ಕಾಯಿಸಿ, ಬೆಳಿಗ್ಗೆ ಹುಬ್ಬಳ್ಳಿಯಲ್ಲಿರಬೇಕು ಅಂತ ಹೇಳಿದವರ ಸ್ಕೋರ್ ಯಾವ ಆಪ್‌ನಲ್ಲಿದೆ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ರಸ್ತೆಗೂ ಸ್ಕೋರ್ ಇಲ್ಲ. ಬಾಳೆಗುಳಿಯಿಂದ ಹೆದ್ದಾರಿ 66ರಲ್ಲಿ ಕುಮಟಾ ಕಡೆ ಹೋದರೆ ಶಿರೂರು. 2024ರ ಜುಲೈ 16ರಂದು ಗುಡ್ಡ ಕುಸಿದದ್ದು ರಸ್ತೆ ಬದಿಯ ಚಹಾ ಅಂಗಡಿ ಮೇಲೆ. ಡ್ರೈವರ್‌ಗಳು ದಣಿವಾರಿಸಿಕೊಳ್ಳಲು ನಿಲ್ಲುತ್ತಿದ್ದ ಜಾಗ ಅದು. ಸ್ಕೋರಿಂಗ್ ಆಪ್ ಹೇಳೋದೂ ಅದನ್ನೇ: ದಣಿದರೆ ನಿಲ್ಲಿಸಿ. ಕೇರಳದ ಚಾಲಕನ ಲಾರಿಯ ಜಿಪಿಎಸ್ ಕೊನೆಗೆ ತೋರಿಸಿದ್ದು ಶಿರೂರನ್ನೇ. ಗಂಗಾವಳಿ ನದಿಯಿಂದ ಆ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ, 71 ದಿನ ಕಳೆದ ಮೇಲೆ. ಈ ನಡುವೆ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಇನ್ನೊಂದು ಲಾರಿ ನೀರಿಗೆ ಬಿತ್ತು. ಪುಣ್ಯಕ್ಕೆ ಚಾಲಕ ಬದುಕಿದ. ಇಬ್ಬರೂ ಬ್ರೇಕನ್ನು ಎಷ್ಟೇ ಮೆತ್ತಗೆ ಹಾಕಿದ್ದರೂ ಏನೂ ಬದಲಾಗುತ್ತಿರಲಿಲ್ಲ.

ಎಂಜಿನಿಯರ್ ಆಗಿ ನನಗೆ ಕಾಣೋದು ಕಷ್ಟದ ಕೆಲಸವೇನಲ್ಲ. ಘಟ್ಟದ ರೂಟಿನವರನ್ನು ಅದೇ ರೂಟಿನವರ ಜೊತೆ ಹೋಲಿಸಬಹುದು. ಮಾರ್ಕ್ಸ್ ಕಳೆಯುವ ಮೊದಲು ವಿಡಿಯೋ ನೋಡಬಹುದು. ಡ್ರೈವರ್‌ಗೆ 'ಇದು ನನ್ನ ತಪ್ಪಲ್ಲ' ಅನ್ನೋಕೆ ಒಂದು ಬಟನ್ ಕೊಡಬಹುದು, ಅದೂ ಕನ್ನಡದಲ್ಲಿ. ಕಾಯಿಸಿದ ಗಂಟೆಗಳನ್ನು ಕಾಯಿಸಿದವರ ಹೆಸರಿಗೆ ಬರೆಯಬಹುದು. ಕೊನೆಯದನ್ನು ನಾನೊಮ್ಮೆ ಮೀಟಿಂಗ್‌ನಲ್ಲಿ ಹೇಳಿದ್ದೆ. ದುಡ್ಡು ಕೊಡುವ ಗಿರಾಕಿಯೇ ಅವರು ತಾನೆ ಅಂತ ಮ್ಯಾನೇಜರ್ ಕೇಳಿದರು, ಮಾತು ಅಲ್ಲಿಗೇ ಮುಗಿಯಿತು.

ಅವತ್ತು ಮಾವನ ಪರವಾಗಿ ಇಂಗ್ಲಿಷ್‌ನಲ್ಲಿ ಒಂದು ಇಮೇಲ್ ಬರೆದು, ಐದು ಚುಕ್ಕಿಗಳ ವಿವರ ಕಳಿಸಿದೆ. ಹತ್ತು ದಿನಕ್ಕೆ ಉತ್ತರ ಬಂತು. ಸರ್ವಿಸ್ ರೋಡಿನದ್ದು ತೆಗೆದಿದ್ದರು, ಒಂದು ದನದ್ದೂ ತೆಗೆದಿದ್ದರು. ಸ್ಕೋರ್ 73 ಆಯ್ತು. ಇನ್ಸೆಂಟಿವ್ ಬರಲಿಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಲಾರಿ ಹತ್ತಿ ನೋಡಿದೆ. ಡ್ಯಾಶ್‌ಬೋರ್ಡ್ ಮೇಲೆ ಒಂದು ಸಣ್ಣ ನೋಟ್‌ಬುಕ್, ದಾರಕ್ಕೆ ಕಟ್ಟಿದ ಪೆನ್ನು. ಗಾಡಿ ನಿಂತ ಮೇಲೆ ನೆನಪು ಮಾಡಿಕೊಂಡು ಬರೆಯುತ್ತಾರಂತೆ. ಮೊದಲ ಪುಟದಲ್ಲಿ ಮಾವನ ಅಕ್ಷರ: "5.40, ಸುಂಕಸಾಳ, ದನ. 6.15, ಘಟ್ಟ, ಬೈಕ್ ಅಡ್ಡ. 6.30, ಘಟ್ಟ, ದನ, ಕರು ಸಮೇತ."