ಕರೆಂಟು ಏರಿತು, ಟಿ.ವಿ. ಸುಟ್ಟಿತು: ದಂಡ ಯಾರಿಗೆ?

ಕೊಟ್ಟೂರು: ಬಲ್ಬು ಒಮ್ಮೆ ಝಗ್ಗನೆ ಬೆಳಗಿ ಆರಿತು ಅಂದ್ರೆ ಮುಗೀತು. ಟಿ.ವಿ., ಫ್ರಿಜ್ಜು, ಮಿಕ್ಸಿ ಸಾಲಾಗಿ ರಿಪೇರಿ ಅಂಗಡಿಗೆ! 'ನಮ್ಮ ಹಣೆಬರಹ' ಎಂದು ಜನ ಸುಮ್ಮನಾಗುತ್ತಾರೆ. ಆದರೆ ಎಲ್ಲವೂ ಹಣೆಬರಹವಲ್ಲ.

ಮನೆಗೆ ಬರಬೇಕಾದದ್ದು 230 ವೋಲ್ಟು. ಕಂಬದ ಮೇಲೆ ಮೂರು ಫೇಸ್ ತಂತಿ, ಒಂದು ನ್ಯೂಟ್ರಲ್. ಈ ನ್ಯೂಟ್ರಲ್ ಕಡಿದರೆ ಮನೆಯೊಳಗೆ 400 ವೋಲ್ಟಿನ ತನಕ ನುಗ್ಗಬಹುದು. ಕಡಿಮೆ ಸಾಮಾನು ಹಚ್ಚಿದ ಮನೆಗೇ ಹೆಚ್ಚು ಹೊಡೆತ. ಎಂ.ಸಿ.ಬಿ. ಇದನ್ನು ತಡೆಯದು; ಅದು ನೋಡುವುದು ಆಂಪಿಯರು, ವೋಲ್ಟಲ್ಲ.

ಹೊಣೆ ಯಾರದು? ಟ್ರಾನ್ಸ್‌ಫಾರ್ಮರ್, ಕಂಬದ ತಂತಿ ಕಂಪನಿಯದು, ಅಂದರೆ ಇಲ್ಲಿ ಜೆಸ್ಕಾಂನದು. ಮೀಟರಿನಿಂದೀಚೆಗಿನ ವೈರಿಂಗು ಮನೆಯವರದು. ಗೊತ್ತುಪಡಿಸಿದ ಮಟ್ಟದ ಸೇವೆ ಸಿಗದಿದ್ದರೆ ಪರಿಹಾರ ಕೊಡಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 57ನೇ ಕಲಂ ಹೇಳುತ್ತದೆ.

ಆದರೆ ಬಾಯಿಮಾತು ನಡೆಯೋದಿಲ್ಲ. ಕೂಡಲೇ 1912ಕ್ಕೆ ಫೋನು ಮಾಡಿ ದೂರಿನ ನಂಬರು ಬರೆದುಕೊಳ್ಳಬೇಕು. ಆಫೀಸಿಗೆ ಅರ್ಜಿ ಕೊಟ್ಟು, ನಕಲಿಗೆ ಸೀಲು ಹಾಕಿಸಿಕೊಳ್ಳಬೇಕು. ಒಂದೇ ಹೊತ್ತಿಗೆ ನಾಲ್ಕು ಮನೆ ಸಾಮಾನು ಸುಟ್ಟಿದ್ದರೆ ದೋಷ ಕಂಬದ ಕಡೆಗೆಂದು ಹೇಳಲು ಬಲ ಬರುತ್ತದೆ. ನಾಲ್ವರೂ ಸಹಿ ಹಾಕಲಿ. ಸುಟ್ಟ ಬೋರ್ಡು, ರಿಪೇರಿ ಬಿಲ್ಲು ಜೋಪಾನ! ಅಲ್ಲಿ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ಜಿಲ್ಲಾ ಗ್ರಾಹಕರ ಆಯೋಗಕ್ಕಾದರೆ 2 ವರ್ಷದೊಳಗೆ ಹೋಗಬೇಕು.

ಬಿಲ್ಲು ತಡವಾದರೆ ಕರೆಂಟು ಕೀಳಲು ಬರುವಷ್ಟೇ ಚುರುಕಾಗಿ ಕಂಬದ ಸಡಿಲ ತಂತಿಯನ್ನೂ ನೋಡಬಾರದೇ? ಸಂಬಂಧಪಟ್ಟವರು ಗಮನಿಸುವರೇ?