ಒಳ್ಳೆಯ ಕಾರಣಕ್ಕೊಂದು ಕುದುರೆ ಮರಿ

ಗಬ್ಬದ ಕುದುರೆಗೆ ಜನರ ಕಣ್ಣು ತಪ್ಪಿಸುವುದು ಚೆನ್ನಾಗಿ ಗೊತ್ತು. ಹನ್ನೊಂದು ತಿಂಗಳು, ದಿನದ ಲೆಕ್ಕದಲ್ಲಿ ಸುಮಾರು 340, ಹೊತ್ತು ತಿರುಗಿದ ಮೇಲೆ ಈಯುವುದಕ್ಕೆ ಅದು ಆರಿಸಿಕೊಳ್ಳುವುದು ಹೆಚ್ಚಾಗಿ ರಾತ್ರಿಯನ್ನೇ. ಕೆಚ್ಚಲು ತುಂಬಿ, ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಕಟ್ಟಿತೆಂದರೆ ಮಾಲೀಕನ ಹಾಸಿಗೆ ಲಾಯದ ಬಾಗಿಲಿಗೆ ಬರುತ್ತದೆ. ಒಂದು ರಾತ್ರಿ ಆಯಿತು, ಎರಡಾಯಿತು, ಐದಾಯಿತು. ಆರನೆಯ ರಾತ್ರಿ ಒಂದು ಲೋಟ ಚಹಾ ಕುಡಿದು ಬರೋಣವೆಂದು ಒಳಗೆ ಹೋಗಿ ಬರುವಷ್ಟರಲ್ಲಿ ಹುಲ್ಲಿನ ಮೇಲೆ ಒದ್ದೆ ಮರಿ ಬಿದ್ದಿರುತ್ತದೆ. ನೀರೊಡೆದ ಮೇಲೆ ಎಲ್ಲ ಸರಿಯಿದ್ದರೆ ಅರ್ಧ ಗಂಟೆಯೊಳಗೆ ಹೆರಿಗೆ ಮುಗಿದೇ ಹೋಗುತ್ತದೆ. ಮುಗಿಯದಿದ್ದರೆ ತಾಯಿ, ಮರಿ ಎರಡರ ಜೀವಕ್ಕೂ ಸಂಚಕಾರ. ಆ ಅರ್ಧ ಗಂಟೆಗಾಗಿಯೇ ಅಷ್ಟು ರಾತ್ರಿಗಳ ಕಾವಲು.

ಆಮೇಲಿನ ಲೆಕ್ಕ ಒಂದು, ಎರಡು, ಮೂರು. ಒಂದು ಗಂಟೆಯಲ್ಲಿ ಮರಿ ಎದ್ದು ನಿಲ್ಲಬೇಕು, ಎರಡು ಗಂಟೆಯಲ್ಲಿ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಗೆ ಕಸ ಬೀಳಬೇಕು. ಹಸು ಈದರೆ ನಾವು ಗಿಣ್ಣಿಗೆ ಬೆಲ್ಲ, ಏಲಕ್ಕಿ ಹಾಕಿ ಪಕ್ಕದ ಮನೆಗೂ ಕಳಿಸುತ್ತೇವೆ. ಕುದುರೆಯ ಗಿಣ್ಣುಹಾಲು ಮಾತ್ರ ಹನಿಯೂ ಆಚೆ ಹೋಗುವಂತಿಲ್ಲ. ಕುದುರೆ ಮರಿ ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಪ್ರತಿಕಾಯಗಳು ಇಲ್ಲವೆನ್ನುವಷ್ಟು ಕಡಿಮೆ. ಅವು ಬರಬೇಕಾದದ್ದು ಗಿಣ್ಣಿನಿಂದಲೇ. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಹುಟ್ಟಿದ ಮೊದಲ ಗಂಟೆಗಳಲ್ಲಿ ಅಗಲವಾಗಿ ತೆರೆದಿದ್ದು, ಒಂದು ದಿನ ಕಳೆಯುವ ಹೊತ್ತಿಗೆ ಮುಚ್ಚಿಕೊಂಡುಬಿಡುತ್ತದೆ. ಮೊದಲ ದಿನ ನಿದ್ದೆ ಮಾಡಿದ ಮಾಲೀಕ ಎರಡನೇ ವಾರ ಮರಿಯ ಊದಿದ ಕೀಲುಗಳನ್ನು ನೋಡುತ್ತಾ ಕೂರಬೇಕಾದೀತು.

ಇಷ್ಟೆಲ್ಲ ಕಷ್ಟ ಯಾಕೆ ಮೈಮೇಲೆ ಎಳೆದುಕೊಳ್ಳಬೇಕು?

ಹಣಕ್ಕಾಗಿ ಎಂದರೆ ಕುದುರೆಯೇ ನಕ್ಕೀತು. ನಾನೂರು ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು ಎಂಟು ಕಿಲೋ ಒಣಮೇವು ಬೇಕು, ಮೂವತ್ತು ಲೀಟರಿನಷ್ಟು ನೀರು ಬೇಕು. ಜೊತೆಗೆ ನೆನೆಸಿದ ಹುರುಳಿ, ಹಸಿಯಾಗಿ ಕುದುರೆ ಮೆಂತ್ಯದ ಸೊಪ್ಪು. ಗಬ್ಬದ ಹನ್ನೊಂದು ತಿಂಗಳು ತಾಯಿಗೆ ಹಾಕಬೇಕು. ಮರಿ ಹಾಲು ಬಿಟ್ಟ ಮೇಲೆ ಅದಕ್ಕೂ ಹಾಕಬೇಕು. ಮೂಳೆ ಬಲಿತು ಸವಾರನನ್ನು ಹೊರುವಂತಾಗಲು ಮೂರು ವರ್ಷವಾದರೂ ಕಾಯಬೇಕು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಯಲ್ಲಿ ಏನೇ ಎಡವಟ್ಟಾದರೂ ಅದು ಶೂಲೆಯಾಗಿ, ನೆಲಕ್ಕೆ ಬಿದ್ದು ಹೊರಳಾಡುವಂತೆ ಮಾಡುತ್ತದೆ. ಅಂಥ ಒಂದು ರಾತ್ರಿ ಮೂರು ವರ್ಷದ ಲಾಭವನ್ನು ನುಂಗಿ ನೀರು ಕುಡಿಯಬಲ್ಲದು.

‘ನಮ್ಮ ಕುದುರೆ ಬಲು ಸಾಧು, ಅದರದೊಂದು ಮರಿ ಇರಲಿ’ ಎನ್ನುವವರೂ ಇದ್ದಾರೆ. ಪ್ರೀತಿಯ ಮಾತೇ ಸರಿ, ಆದರೆ ನನಗೆ ಅದು ಸಾಲದು ಅನ್ನಿಸುತ್ತದೆ. ಜಾನುವಾರು ಗಣತಿ ನೋಡಿ: 2012ರಲ್ಲಿ ದೇಶದಲ್ಲಿ ಆರು ಲಕ್ಷಕ್ಕೂ ಹೆಚ್ಚು ಕುದುರೆ, ತಟ್ಟುಗಳಿದ್ದವು, 2019ಕ್ಕೆ ಸುಮಾರು 3.4 ಲಕ್ಷ ಉಳಿದಿದ್ದವು. ಕುದುರೆಗೆ ಕೆಲಸ ಕಡಿಮೆಯಾಗಿದೆ, ಸಾಕುವ ಮನೆಯೂ ಕಡಿಮೆಯಾಗಿದೆ. ಇಂಥ ಕಾಲದಲ್ಲಿ ಹುಟ್ಟಿಸಿದ ಮರಿ ಇಪ್ಪತ್ತೈದು ವರ್ಷ ಬದುಕೀತು. ನಿಮ್ಮ ಪ್ರೀತಿಯ ಕುದುರೆಯ ಮರಿ ಹನ್ನೆರಡನೇ ವಯಸ್ಸಿನಲ್ಲಿ ಯಾರ ಗಾಡಿಗೆ ಕಟ್ಟಿರುತ್ತದೆಯೋ?

ಹಾಗಾದರೆ ಒಳ್ಳೆಯ ಕಾರಣ ಯಾವುದು? ಅದನ್ನು ತಿಳಿಯಲು ಮಾರ್ವಾಡಿ ಕುದುರೆಯ ಕಥೆಗೆ ಬರಬೇಕು.

ತುದಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ಕಿವಿ, ನೀಳ ಕತ್ತು, ಮರಳಿನಲ್ಲೂ ಹಗುರಾಗಿ ಎತ್ತಿಡುವ ಕಾಲು. ರೇವಾಲ್ ಎಂದು ಕರೆಯುವ ಅದರ ನಡೆಯಲ್ಲಿ ಸವಾರನ ಸೊಂಟಕ್ಕೆ ಕುಲುಕು ಗೊತ್ತಾಗುವುದಿಲ್ಲ. ಮಾರ್ವಾಡದ ಅರಸರಾದ ರಾಠೋಡರ ಸೇನೆಯಲ್ಲಿ ಮೆರೆದ ಈ ತಳಿ 1930ರ ದಶಕದ ಹೊತ್ತಿಗೆ ತೀರ ಕ್ಷೀಣಿಸಿತ್ತು. ಜೋಧಪುರದ ಮಹಾರಾಜ ಉಮೇದ್ ಸಿಂಗ್ ಒಳ್ಳೆಯ ಬೀಜದ ಕುದುರೆಗಳನ್ನೂ ಹೆಣ್ಣುಗುದುರೆಗಳನ್ನೂ ಕೂಡಿಸಿ ಅದನ್ನು ಮತ್ತೆ ಕಟ್ಟಿದರು. ಸ್ವಾತಂತ್ರ್ಯ ಬಂದು ಸಂಸ್ಥಾನ, ಜಾಗೀರುಗಳು ಹೋದಾಗ ಲಾಯಗಳು ಮತ್ತೆ ಬರಿದಾದವು. ಎಷ್ಟೋ ಕುದುರೆಗಳು ಹೊರೆ ಹೊರಲು ಹೋದವು, ಎಷ್ಟೋ ಗಂಡುಗಳ ಬೀಜ ಒಡೆದರು. ಆಗ ತಳಿ ಉಳಿದದ್ದು ಹೆಣ್ಣುಗುದುರೆಯನ್ನು ಮಾರದೆ ಇಟ್ಟುಕೊಂಡ, ಯಾವ ಗಂಡು ಕೊಡಿಸಿದ್ದೇವೆಂದು ನೆನಪಿಟ್ಟುಕೊಂಡ ಕೆಲವು ಹಟಮಾರಿ ಮನೆಗಳಿಂದ. ಒಳ್ಳೆಯ ಕಾರಣ ಅಲ್ಲಿದೆ: ಆ ಕುದುರೆಯನ್ನು ನೀವು ಉಳಿಸದಿದ್ದರೆ ಬೇರೆಲ್ಲೂ ಕೊಂಡು ತರಲಾಗದು.

ಕೊಂಡು ತರುವುದರ ಕಷ್ಟ ನಮ್ಮ ನಾಡಿಗೆ ಹೊಸದಲ್ಲ. 16ನೇ ಶತಮಾನದಲ್ಲಿ ಹಂಪಿಯಲ್ಲಿದ್ದ ಕುದುರೆ ವ್ಯಾಪಾರಿ ನೂನಿಜ್, ವಿಜಯನಗರದ ಅರಸ ವರ್ಷವರ್ಷವೂ ಹೊರ್ಮುಜ್ ಕುದುರೆಗಳನ್ನು 13,000ದಷ್ಟು ಕೊಳ್ಳುತ್ತಿದ್ದನೆಂದು ಬರೆದಿದ್ದಾನೆ. ವ್ಯಾಪಾರಿಯ ಲೆಕ್ಕ, ಸ್ವಲ್ಪ ಉಬ್ಬಿರಬಹುದು. ಆದರೂ ಕಡಲಾಚೆಯ ಹಡಗನ್ನು ನೆಚ್ಚಿಕೊಂಡ ಅಶ್ವದಳ ಎಷ್ಟು ದುಬಾರಿಯಾಗಿತ್ತೆಂದು ಊಹಿಸಬಹುದು. ಟಿಪ್ಪು ಕಾಲದಲ್ಲಿ ಸೇನೆಗೆ ಕುದುರೆ ಬೆಳೆಸಿದ ಕುಣಿಗಲ್ ಇಂದಿಗೂ ಸ್ಟಡ್ ಫಾರ್ಮ್‌ನಿಂದಲೇ ಹೆಸರಾದ ಊರು. ಆಮೇಲೆ ಅಲ್ಲಿ ಬೆಳೆದದ್ದು ಥರೋಬ್ರೆಡ್ ಎಂಬ ರೇಸ್ ತಳಿ.

ಈಗ ಕಷ್ಟದ ಮಾತು. ತಳಿ ಉಳಿಸುವುದೆಂದರೆ ಸಿಕ್ಕ ಗಂಡನ್ನು ಸಿಕ್ಕ ಹೆಣ್ಣಿಗೆ ಕೊಡಿಸಿ ತಲೆ ಎಣಿಸುವುದಲ್ಲ. ಪುಷ್ಕರದಲ್ಲೋ ಮಹಾರಾಷ್ಟ್ರದ ಸಾರಂಗಖೇಡದಲ್ಲೋ ಕುದುರೆ ಜಾತ್ರೆಗೆ ಹೋಗಿ ನೋಡಿ. ಕೊಳ್ಳುವವರ ಕಣ್ಣು ಕಿವಿಯ ಮೇಲೆ, ಎತ್ತರದ ಮೇಲೆ, ಬಣ್ಣದ ಮೇಲೆ. ಸುಳಿ ನೋಡುವ ಹಿರಿಯರು ಹಣೆ, ಕತ್ತು, ಎದೆ ಎಲ್ಲ ಸವರಿ ಒಂದು ಸುಳಿಗೆ ಸಾವಿರ ಏರಿಸುತ್ತಾರೆ, ಇನ್ನೊಂದಕ್ಕೆ ವ್ಯಾಪಾರವನ್ನೇ ಮುರಿಯುತ್ತಾರೆ. ಬಗ್ಗಿ ಗೊರಸು ಎತ್ತಿ ನೋಡುವವರು ಕಡಿಮೆ. ಕುದುರೆ ನಿಂತಿರುವುದು ಮಾತ್ರ ಅದರ ಮೇಲೆಯೇ! ಮುಂಗಾಲು ನೇರವಾಗಿದೆಯೆ, ಗೊರಸಿನ ಗೋಡೆ ಗಟ್ಟಿಯಿದೆಯೆ, ಅಪರಿಚಿತ ಕೈ ತಾಗಿದಾಗ ಬೆದರುತ್ತದೆಯೆ, ತಾಯಿಗೆ ಈಯುವಾಗ ತೊಂದರೆಯಾಗಿತ್ತೆ: ಜವಾಬ್ದಾರಿಯಿರುವ ತಳಿಗಾರ ಕೇಳುವುದು ಇವನ್ನು. ಮಾರುಕಟ್ಟೆ ಇದಕ್ಕೆಲ್ಲ ಹೆಚ್ಚು ಬೆಲೆ ಕಟ್ಟುವುದಿಲ್ಲ, ಗೊತ್ತಿದ್ದೇ ಕೇಳುತ್ತಾನೆ.

ಚೆಂದವನ್ನು ಮಾತ್ರ ನೋಡಿದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ್ದೊಂದು ಕಥೆಯಿದೆ. 1969ರಲ್ಲಿ ಹುಟ್ಟಿದ ‘ಇಂಪ್ರೆಸಿವ್’ ಎಂಬ ಕ್ವಾರ್ಟರ್ ಹಾರ್ಸ್ ಗಂಡು, ಉಬ್ಬಿದ ಮಾಂಸಖಂಡಗಳಿಂದ ಪ್ರದರ್ಶನಗಳಲ್ಲಿ ಹೆಸರು ಮಾಡಿತು. ಅಂಥದೇ ಮೈಕಟ್ಟು ಬೇಕೆಂದು ಎಲ್ಲರೂ ಅದರ ಬಳಿಗೇ ಹೆಣ್ಣುಗುದುರೆ ತಂದರು. ಮೈಕಟ್ಟಿನ ಜೊತೆಗೇ ಒಂದು ಕೆಟ್ಟ ಜೀನ್ ಹಂಚಿಹೋಯಿತು. ಆ ಜೀನ್ ಇದ್ದ ಕುದುರೆಗಳಲ್ಲಿ ಕೆಲವು ಇದ್ದಕ್ಕಿದ್ದಂತೆ ನಡುಗುತ್ತವೆ, ಕಾಲು ಸೋತು ಕುಸಿಯುತ್ತವೆ, ಕೆಲವೊಮ್ಮೆ ಸಾಯುತ್ತವೆ. ಕಾಯಿಲೆಯ ಬೇರು ಹುಡುಕುತ್ತ ಹೋದವರು ತಲುಪಿದ್ದು ಆ ಒಂದೇ ಗಂಡಿನ ಹತ್ತಿರಕ್ಕೆ. ತಂದೆ, ತಾಯಿ ಎರಡು ಕಡೆಯಿಂದಲೂ ಆ ಜೀನ್ ಪಡೆದು 2007 ಮತ್ತು ಆಮೇಲೆ ಹುಟ್ಟಿದ ಮರಿಗಳಿಗೆ ತಳಿ ಸಂಘ ದಾಖಲೆಯನ್ನೇ ಕೊಡುವುದಿಲ್ಲ.

ಅರಬ್ಬಿ ಕುದುರೆಗಳ ಸ್ಕಿಡ್ ಎಂಬ ಕಾಯಿಲೆ ಇನ್ನೂ ಮೋಸದ್ದು. ಅದರ ಜೀನ್ ಒಂದೇ ಪಾಲು ಇದ್ದರೆ ಕುದುರೆ ಮಿರಮಿರ ಮಿಂಚುತ್ತ ಆರೋಗ್ಯವಾಗಿರುತ್ತದೆ. ಅಂಥ ಎರಡು ಕೂಡಿದರೆ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಗಂಡಾಂತರ. ರೋಗನಿರೋಧಕ ಶಕ್ತಿಯೇ ಇಲ್ಲದ ಆ ಮರಿ ತಾಯಿಯ ಗಿಣ್ಣಿನ ಬಲದಲ್ಲಿ ಕೆಲವು ವಾರ ಕುಣಿದಾಡಿ, ಆ ಬಲ ಕರಗಿದಂತೆ ಸಣ್ಣ ಸೋಂಕಿಗೂ ಸೋತು ತಿಂಗಳುಗಳಲ್ಲಿ ಸಾಯುತ್ತದೆ. 1997ರಿಂದ ಇದಕ್ಕೆ ಡಿಎನ್‌ಎ ಪರೀಕ್ಷೆಯಿದೆ. ಪರೀಕ್ಷೆ ಬಂತೆಂದು ಜೀನ್ ಇರುವ ಕುದುರೆಗಳನ್ನೆಲ್ಲ ತಳಿಯಿಂದ ಹೊರಗಿಡಬೇಕಾಗಿಲ್ಲ. ಹಾಗೆ ಮಾಡಿದರೆ ಅವುಗಳ ಒಳ್ಳೆಯ ಗುಣಗಳೂ ಹೊರಗೆ ಹೋಗಿ ತಳಿ ಇನ್ನಷ್ಟು ಕಿರಿದಾದೀತು. ಜೀನ್ ಇಲ್ಲದ ಜೋಡಿ ಹುಡುಕಿದರೆ ಕಾಯಿಲೆಯ ಮರಿ ಹುಟ್ಟುವುದೇ ಇಲ್ಲ. ಇದಕ್ಕೆ ಬೇಕಾದದ್ದು ಒಂದು ಪರೀಕ್ಷೆ, ಒಂದು ನೋಟ್‌ಪುಸ್ತಕ, ಬಂದ ಫಲಿತಾಂಶವನ್ನು ಕೊಳ್ಳುವವನಿಗೆ ಮುಚ್ಚಿಡದ ಗುಣ. ಮೂರನೆಯದೇ ಅಪರೂಪ.

ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ಬಿಕಾನೇರ್ ಶಾಖೆಯಲ್ಲಿ 2023ರ ಮೇ 19ರಂದು ‘ರಾಜ್-ಪ್ರಥಮಾ’ ಎಂಬ ಮಾರ್ವಾಡಿ ಮರಿ ಹುಟ್ಟಿತು. ಒಂದು ಕುದುರೆಯ ಭ್ರೂಣವನ್ನು ಇನ್ನೊಂದರ ಗರ್ಭಕ್ಕೆ ಹಾಕಿ ಪಡೆದ ಮರಿ, ತೂಕ 23 ಕಿಲೋ. ವರ್ಷಕ್ಕೆ ಒಂದೇ ಮರಿ ಕೊಡುತ್ತಿದ್ದ ಒಳ್ಳೆಯ ತಾಯಿಯಿಂದ ಇನ್ನು ಹೆಚ್ಚು ಪಡೆಯಬಹುದು. ಖುಷಿಯ ಸುದ್ದಿ. ಆದರೆ ಎಲ್ಲರೂ ಅದೇ ನಾಲ್ಕು ಚೆಂದದ ಕುದುರೆಗಳ ಹಿಂದೆ ಬಿದ್ದರೆ ಇಂಪ್ರೆಸಿವ್‌ನ ಕಥೆ ಮಾರ್ವಾಡದಲ್ಲೂ ನಡೆದೀತು ಎಂಬ ಅಳುಕು ನನಗಿದೆ. ಹೆಸರಿಲ್ಲದ ಮನೆಯ, ಕಿವಿ ಅಷ್ಟಾಗಿ ಬಾಗದ, ಕಾಲು ಗಟ್ಟಿಯಿರುವ ಹೆಣ್ಣುಗುದುರೆಯೊಂದನ್ನು ಹುಡುಕಿಕೊಂಡು ಹೋಗುವ ತಳಿಗಾರ ಆಗ ಬೇಕಾಗುತ್ತಾನೆ.

ಎರಡು ವರ್ಷದ ಗಂಡುಮರಿಯ ಮುಂದೆ ನಿಂತ ಅವನನ್ನು ಊಹಿಸಿಕೊಳ್ಳಿ. ಕಪ್ಪು ಮೈ, ಬೆಳಗಿನ ಬಿಸಿಲಿಗೆ ನೀಲಿ ಹೊಳಪು, ಕಿವಿಗಳು ಬಿಲ್ಲಿನಂತೆ. ಈಗಾಗಲೇ ಇಬ್ಬರು ಬೀಜಕ್ಕೆಂದು ಕೇಳಿ ಹೋಗಿದ್ದಾರೆ. ಅವನು ಮಾತ್ರ ಮರಿಯನ್ನು ಗಟ್ಟಿ ನೆಲದ ಮೇಲೆ ಎದುರಿಗೆ ನಡೆಸಿಕೊಂಡು ಬರಲು ಹೇಳುತ್ತಾನೆ. ಇನ್ನೊಮ್ಮೆ ಹೇಳುತ್ತಾನೆ. ಎಡ ಮುಂಗಾಲು ಹೆಜ್ಜೆಹೆಜ್ಜೆಗೂ ಸ್ವಲ್ಪ ಒಳಕ್ಕೆ ತಿರುಗುತ್ತಿದೆ. ಇದರ ತಾಯಿಯ ತಂದೆಗೂ ಹಾಗೇ ಇತ್ತೆಂದು ನೋಟ್‌ಪುಸ್ತಕದಲ್ಲಿದೆ. ಆ ವಾರವೇ ವೈದ್ಯರನ್ನು ಕರೆಸಿ ಬೀಜ ತೆಗೆಸುತ್ತಾನೆ. ಬೀಜದ ಕುದುರೆಗೆ ಸಿಗುತ್ತಿದ್ದ ಬೆಲೆ ಹೋಯಿತು. ಸವಾರಿ ಕಲಿಯುವ ಹುಡುಗಿಯೊಬ್ಬಳ ಮನೆಯವರು ಕೊಳ್ಳಲು ಬಂದಾಗ ಅವರಿಗಿಂತ ಹೆಚ್ಚು ಪ್ರಶ್ನೆ ಕೇಳುವವನು ಅವನೇ. ನೀರು ಎಲ್ಲಿಂದ? ರಾತ್ರಿ ಒಂಟಿಯಾಗಿ ಕಟ್ಟುತ್ತೀರಾ, ಜೊತೆಗೆ ಇನ್ನೊಂದು ಪ್ರಾಣಿ ಇದೆಯೆ? ಲಾಳ ಕಟ್ಟುವವರು ಎಷ್ಟು ದೂರದಲ್ಲಿದ್ದಾರೆ? ಮಗಳು ಕಾಲೇಜಿಗೆ ಹೋದ ಮೇಲೆ ಇದಕ್ಕೆ ಯಾರು?

ಕೊನೆಯ ಪ್ರಶ್ನೆಗೆ ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಅವನು ಕಾಗದದ ಕೆಳಗೆ ತನ್ನ ಫೋನ್ ನಂಬರು ಬರೆದು, ‘ಆಗ ಬೇರೆ ಯಾರಿಗೂ ಕೊಡಬೇಡಿ, ನನಗೇ ಫೋನ್ ಮಾಡಿ’ ಎನ್ನುತ್ತಾನೆ.