ವೇಗಕ್ಕಾಗಿ ಬದಲಿಸಿದ ಕಾರಿನ ವಿಕ್ರಯ: ಕೆಲವು ತಪ್ಪು ಕಲ್ಪನೆಗಳೂ ಅವುಗಳ ಹಿಂದಿನ ಸತ್ಯವೂ

ವೇಗದ ಕಾರೊಂದನ್ನು ಕೊಂಡು, ಅದರ ಎಂಜಿನ್ನಿನ ಮ್ಯಾಪನ್ನೂ (ನಿಯಂತ್ರಣ ತಂತ್ರಾಂಶವನ್ನೂ) ಸೈಲೆನ್ಸರನ್ನೂ ಸ್ಪ್ರಿಂಗುಗಳನ್ನೂ ಚಕ್ರಗಳನ್ನೂ ತನ್ನ ಅಭಿರುಚಿಗೆ ಒಪ್ಪುವಂತೆ ಒಂದೊಂದಾಗಿ ಬದಲಿಸಿಕೊಂಡವನು, ಕೆಲವು ವರ್ಷಗಳ ತರುವಾಯ ಅದನ್ನು ಮಾರಬೇಕೋ ಇಟ್ಟುಕೊಳ್ಳಬೇಕೋ ಎಂಬ ಪ್ರಶ್ನೆಗೆ ಎದುರಾದಾಗ, ಯಾದಗಿರಿಯಲ್ಲಾಗಲಿ ಶಹಾಪುರ-ಸುರಪುರಗಳಲ್ಲಾಗಲಿ ಅವನಿಗೆ ಸಲಹೆಗಾರರ ಕೊರತೆಯೇನೂ ಆಗುವುದಿಲ್ಲ. ಟೈರಿನ ಅಂಗಡಿಯ ಕಟ್ಟೆಯ ಮೇಲೆ, ಗ್ಯಾರೇಜಿನ ಮುಂದೆ, ಪೆಟ್ರೋಲ್ ಬಂಕಿನಲ್ಲಿ ಹತ್ತು ಮಂದಿ ಹತ್ತು ಮಾತು ಹೇಳುತ್ತಾರೆ. ಅವರಲ್ಲಿ ಯಾರೂ ಕೇಡು ಬಯಸಿ ಹೇಳುವವರಲ್ಲ. ಆದರೆ ಆ ಮಾತುಗಳಲ್ಲಿ ಹಲವು, ಬಾಯಿಂದ ಬಾಯಿಗೆ ಸಾಗಿಬಂದು ಸತ್ಯದ ವೇಷವನ್ನು ತೊಟ್ಟ ಭ್ರಾಂತಿಗಳು. ಅವುಗಳನ್ನು ನಂಬಿ ಮಾರಿದವನೂ ನಷ್ಟಪಡುವನು, ನಂಬಿ ಮಾರದೆ ಉಳಿದವನೂ ನಷ್ಟಪಡುವನು. ಕೆಲವು ನಷ್ಟಗಳಂತೂ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿಸುವಂಥವು. ಆದಕಾರಣ ಅವನ್ನು ಸಾವಧಾನವಾಗಿ ವಿವೇಚಿಸುವುದು ಅವಶ್ಯವೆಂದು ನನಗೆ ತೋರಿದೆ.

“ಗಾಡಿ ಮ್ಯಾಲ ಐದು ಲಕ್ಷ ಸುರುವೀನ್ರಿ, ಅದನ್ನ ಬಿಟ್ಟು ಹ್ಯಾಂಗ ಕೊಡ್ಲಿ?” ಎಂಬುದು ಮಾರುವವನ ಬಾಯಿಂದ ಮೊದಲು ಹೊರಡುವ ಮಾತು. ವ್ಯಯ ಮಾಡಿದ ಹಣವೆಲ್ಲವೂ ಕಾರಿನ ಮೌಲ್ಯಕ್ಕೆ ಕೂಡಿಕೊಂಡಿದೆಯೆಂಬ ಈ ನಂಬಿಕೆಯು ಎಷ್ಟು ಸಹಜವೋ ಅಷ್ಟೇ ನಿರಾಧಾರವಾದುದು. ಕೊಳ್ಳುವವನು ನೋಡುವುದು ಮಾದರಿ, ವರ್ಷ, ಓಡಿದ ಕಿಲೋಮೀಟರು, ಎಷ್ಟನೆಯ ಮಾಲೀಕ, ಅಪಘಾತವಾಗಿದೆಯೇ ಎಂಬಿವನ್ನು. ಇನ್ನೊಬ್ಬನ ಅಭಿರುಚಿಗೆ ತಾನೇಕೆ ಹಣ ತೆರಬೇಕೆಂಬುದು ಅವನ ನ್ಯಾಯವಾದ ಪ್ರಶ್ನೆ. ಅದಕ್ಕಿಂತಲೂ ಮಿಗಿಲಾಗಿ, ಹೆಚ್ಚು ಬದಲಾವಣೆಗೊಂಡ ಕಾರು ಹೆಚ್ಚು ದಂಡಿಸಲ್ಪಟ್ಟ ಕಾರೂ ಆಗಿರಬಹುದೆಂಬ ಅನುಮಾನವು ಅವನ ಮನಸ್ಸಿನಲ್ಲಿ ಏಳದೆ ಇರದು. ಆ ಅನುಮಾನವು ಬೆಲೆಯನ್ನು ಏರಿಸುವ ಬದಲು ಇಳಿಸುತ್ತದೆ. ಇಲ್ಲಿ ವಿವೇಕಿಯು ಮಾಡಬೇಕಾದ ವಿಭಾಗ ಒಂದುಂಟು. ಅಲಾಯ್ ಚಕ್ರ, ಕಾಯಿಲೋವರ್ ಸಸ್ಪೆನ್ಶನ್, ದೊಡ್ಡ ಬ್ರೇಕು, ಸ್ಟೀಲಿನ ಎಕ್ಸಾಸ್ಟು ಮೊದಲಾದ ಬೋಲ್ಟು ಬಿಚ್ಚಿ ತೆಗೆಯಬಹುದಾದ ವಸ್ತುಗಳಿಗೆ ಅವುಗಳದೇ ಆದ ಕೊಳ್ಳುಗರು ಬೆಂಗಳೂರಿನಲ್ಲಿಯೂ ಹೈದರಾಬಾದಿನಲ್ಲಿಯೂ ಇದ್ದಾರೆ. ಅವನ್ನು ಬಿಡಿಬಿಡಿಯಾಗಿ ಮಾರಿದರೆ ಹಣದ ಒಂದು ಭಾಗ ಮರಳುವುದು. ಆದರೆ ಮ್ಯಾಪಿಗೆ, ಬಣ್ಣಕ್ಕೆ, ಕೂಲಿಗೆ, ವೆಲ್ಡಿಂಗ್ ಮಾಡಿಸಿದ ರೋಲ್ ಕೇಜಿಗೆ ಕೊಟ್ಟ ಹಣವು ಮರಳಿ ಬರುವಂಥದಲ್ಲ. ಕಾರ್ಖಾನೆಯಿಂದ ಬಂದ ಸ್ಪ್ರಿಂಗು, ಸೈಲೆನ್ಸರು, ಏರ್‌ಬಾಕ್ಸು, ಚಕ್ರಗಳನ್ನು ಅಟ್ಟದ ಮೇಲೆ ಗೋಣಿಯಲ್ಲಿ ಸುತ್ತಿ ಇರಿಸಿದವನ ಕೈಯಲ್ಲಿ ನಿಜವಾದ ಸಂಪತ್ತಿದೆ; ಅವನ್ನು ಗುಜರಿಗೆ ಹಾಕಿದವನು ಕಾರನ್ನು ಪೂರ್ವಸ್ಥಿತಿಗೆ ತರಲು ಮತ್ತೊಮ್ಮೆ ಹಣ ತೆರಬೇಕಾಗುತ್ತದೆ. ಫೋರ್ಡ್ ಸಂಸ್ಥೆಯು ಭಾರತದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ 2021ರಲ್ಲಿ ಘೋಷಿಸಿತು, ಫೋಕ್ಸ್‌ವ್ಯಾಗನ್ ಪೋಲೋ 2022ರಲ್ಲಿ ನಿಂತುಹೋಯಿತು. ಇಂಥ ಕಾರುಗಳ ಮೂಲ ಭಾಗಗಳು ವರ್ಷದಿಂದ ವರ್ಷಕ್ಕೆ ದುರ್ಲಭವಾಗುವುದು ನಿಶ್ಚಿತ.

ಎರಡನೆಯ ಭ್ರಾಂತಿಯು ಕಾನೂನಿಗೆ ಸಂಬಂಧಿಸಿದ್ದು. “ಇಷ್ಟು ವರ್ಷ ಯಾರೂ ಹಿಡಿದಿಲ್ಲ, ಅಂದಮ್ಯಾಲ ಏನ್ ತಪ್ಪೈತಿ?” ಎನ್ನುವವರುಂಟು. ಪೊಲೀಸರು ತಡೆಯದಿರುವುದು ಅನುಮತಿಯಾಗಲಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನೋಂದಣಿಪತ್ರದಲ್ಲಿ ನಮೂದಾದ ವಿವರಗಳು ನಿರ್ಮಾತೃವು ಮೂಲತಃ ನಿರ್ದೇಶಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸಕೂಡದೆಂದು ವಿಧಿಸುತ್ತದೆ. ಕೇರಳದ ಉಚ್ಚ ನ್ಯಾಯಾಲಯವು ಈ ವಿಧಿಯನ್ನು ತುಸು ಸಡಿಲವಾಗಿ ಅರ್ಥೈಸಿತ್ತು. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಆ ತೀರ್ಪನ್ನು ತಳ್ಳಿಹಾಕಿ, ನಿರ್ಮಾತೃವಿನ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಗೆ ಅವಕಾಶವಿಲ್ಲವೆಂದು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆವಾಸವನ್ನೋ ಎರಡನ್ನೂ ಸೇರಿಸಿಯೋ ವಿಧಿಸಬಹುದು. ಇಂಥ ವಾಹನವನ್ನು ಮಾರುವ ಡೀಲರನಿಗಂತೂ ಒಂದು ವಾಹನಕ್ಕೆ ಒಂದು ಲಕ್ಷ ರೂಪಾಯಿ ದಂಡವುಂಟು. ಹಳೆಯ ಕಾರುಗಳ ದೊಡ್ಡ ಮಳಿಗೆಯವರು ಬದಲಿಸಿದ ಕಾರನ್ನು ಕಂಡೊಡನೆ ಕೈ ಅಲ್ಲಾಡಿಸುವುದಕ್ಕೆ ಇದೂ ಒಂದು ಕಾರಣವೆಂಬುದನ್ನು ಮಾರುವವನು ತಿಳಿದಿರಬೇಕು. ಇದರ ವಿರುದ್ಧ ದಿಕ್ಕಿನ ಭ್ರಾಂತಿಯೂ ಇದೆ: ಏನನ್ನು ಬದಲಿಸಿದರೂ ಅಪರಾಧವೇ ಎಂದು ಹೆದರುವವರುಂಟು. ಅದೂ ಸರಿಯಲ್ಲ. ಬಣ್ಣವನ್ನು ಬದಲಿಸಿ ಆರ್‌ಸಿಯಲ್ಲಿ (ನೋಂದಣಿಪತ್ರದಲ್ಲಿ) ದಾಖಲಿಸಿಕೊಳ್ಳಬಹುದು. ಆಸನದ ಹೊದಿಕೆ, ಸಂಗೀತದ ಪೆಟ್ಟಿಗೆ, ನಿರ್ಮಾತೃವೇ ಸೂಚಿಸಿದ ಅಳತೆಯ ಟೈರುಗಳು ವಿವಾದಕ್ಕೆ ಎಡೆಗೊಡುವಂಥವಲ್ಲ.

ವಿಮೆಯ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪವೇ ಆದರೂ ಅದು ಮಹತ್ತ್ವದ್ದು. ಪ್ರತಿವರ್ಷ ಕಂತು ಕಟ್ಟಿದ್ದರಿಂದ ಸಮಸ್ತವೂ ರಕ್ಷಿತವಾಗಿದೆಯೆಂದು ಭಾವಿಸುವುದು ತಪ್ಪು. ವಿಮೆಯ ಲೆಕ್ಕದಲ್ಲಿ ಕಾರಿನ ಮೌಲ್ಯವು ಕಾರ್ಖಾನೆಯ ಬೆಲೆಯಿಂದ ಹೊರಟು, ನಾಲ್ಕರಿಂದ ಐದು ವರ್ಷದ ಹೊತ್ತಿಗೆ ಶೇ. 50ರಷ್ಟು ಇಳಿಯುತ್ತದೆ; ಕೊಂಡ ಅನಂತರ ಜೋಡಿಸಿದ ಉಪಕರಣಗಳನ್ನು ಪ್ರತ್ಯೇಕವಾಗಿ ಘೋಷಿಸಿ ಹೆಚ್ಚಿನ ಕಂತು ಕಟ್ಟಿದ್ದರೆ ಮಾತ್ರ ಅವು ಲೆಕ್ಕಕ್ಕೆ ಬರುತ್ತವೆ. ಘೋಷಿಸದೆ ಎಂಜಿನ್ನಿನ ಶಕ್ತಿಯನ್ನು ಏರಿಸಿದವನ ಕ್ಲೇಮು ತಿರಸ್ಕೃತವಾದರೆ ಆಶ್ಚರ್ಯವಿಲ್ಲ. ಮಾರುವವನಿಗೆ ಇಲ್ಲಿ ಒಂದು ಲಾಭವೂ ಇದೆ, ಅದನ್ನು ಬಹುಮಂದಿ ಕಳೆದುಕೊಳ್ಳುತ್ತಾರೆ: ಕ್ಲೇಮು ಮಾಡದೆ ಗಳಿಸಿದ ಬೋನಸ್ಸು ಕಾರಿನದಲ್ಲ, ಮಾಲೀಕನದು. ಮಾರುವಾಗ ಅದರ ಪ್ರಮಾಣಪತ್ರವನ್ನು ಕೇಳಿ ಪಡೆದರೆ, ಮೂರು ವರ್ಷದೊಳಗೆ ಕೊಳ್ಳುವ ಮತ್ತೊಂದು ಕಾರಿಗೆ, ಗರಿಷ್ಠ ಶೇ. 50ರವರೆಗೆ, ಅದನ್ನು ಬಳಸಿಕೊಳ್ಳಬಹುದು.

ಇನ್ನು ಕುದುರೆಶಕ್ತಿಯ ವಿಚಾರ. “ಸ್ಟೇಜ್ ಒನ್ ಮಾಡ್ಸಿದ್ರ ಎಂಜಿನ್ನಿಗೆ ಏನೂ ಆಗಂಗಿಲ್ಲ” ಎಂಬ ಮಾತನ್ನು ನಾನು ಎಷ್ಟೋ ಬಾರಿ ಕೇಳಿದ್ದೇನೆ; ಮ್ಯಾಪನ್ನು ಬದಲಿಸಿ ಶಕ್ತಿಯನ್ನು ಏರಿಸುವ ಮೊದಲ ಹಂತಕ್ಕೆ ಸ್ಟೇಜ್ ಒನ್ ಎನ್ನುವರು. ಎಂಜಿನ್ನಿಗೆ ಒಡನೆ ಏನೂ ಆಗದಿರಬಹುದು. ಆದರೆ ಶಕ್ತಿಯು ಚಕ್ರವನ್ನು ಮುಟ್ಟುವ ದಾರಿಯಲ್ಲಿ ಕ್ಲಚ್ಚೂ ಗೇರ್‌ಬಾಕ್ಸೂ ಇವೆಯಷ್ಟೆ. ಪೋಲೋ ಜಿಟಿ ಟಿಎಸ್‌ಐಯಲ್ಲಿಯೂ ಆಕ್ಟೇವಿಯಾ 1.8 ಟಿಎಸ್‌ಐಯಲ್ಲಿಯೂ ಇದ್ದ ಏಳು ಗೇರಿನ, ಒಣ ಕ್ಲಚ್ಚಿನ ಡಿಎಸ್‌ಜಿ ಪೆಟ್ಟಿಗೆಯು 250 ನ್ಯೂಟನ್ ಮೀಟರ್ ಟಾರ್ಕಿಗೆ ರಚಿತವಾದುದು. ಆಕ್ಟೇವಿಯಾದ ಎಂಜಿನ್ನು ಕಾರ್ಖಾನೆಯಿಂದ ಬರುವಾಗಲೇ 250ನ್ನು ಮುಟ್ಟಿರುತ್ತದೆ; ಅದರ ಮೇಲೆ ಮ್ಯಾಪಿನಿಂದ ಸೇರಿಸಿದ ಪ್ರತಿಯೊಂದು ಅಂಶವೂ ಕ್ಲಚ್ಚಿನ ಆಯುಸ್ಸಿನಿಂದ ಕಡ ತಂದುದೇ ಸರಿ. ಕೊಳ್ಳಲು ಬಂದ ಜಾಣನು ಮೊದಲನೆಯ ಗೇರಿನಲ್ಲಿ ನಿಧಾನವಾಗಿ ಏರು ಹತ್ತಿಸಿ ನಡುಕವನ್ನು ಪರೀಕ್ಷಿಸುವುದು ಇದಕ್ಕಾಗಿಯೇ.

ಅದಕ್ಕೆ ನಮ್ಮ ಬಿಸಿಲನ್ನೂ ಕೂಡಿಸಿ ನೋಡಬೇಕು. ಶಕ್ತಿಯನ್ನು ಅಳೆಯುವ ಡೈನೋ ಯಂತ್ರದ ಕಾಗದದಲ್ಲಿ ಅಚ್ಚಾದ ಅಂಕಿಯು ಸಾಮಾನ್ಯವಾಗಿ ನಿಯತ ಉಷ್ಣತೆಗೂ ಒತ್ತಡಕ್ಕೂ ಹೊಂದಿಸಿ ಬರೆದದ್ದು. 15 ಡಿಗ್ರಿಯ ಗಾಳಿಗಿಂತ 42 ಡಿಗ್ರಿಯ ಗಾಳಿಯು ಸುಮಾರು ಶೇ. 8ರಿಂದ 9ರಷ್ಟು ವಿರಳ. ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿರುವ ನಮ್ಮ ನೆಲದಲ್ಲಿ ಅದು ಇನ್ನೂ ಸ್ವಲ್ಪ ವಿರಳವಾಗುತ್ತದೆ. ಟರ್ಬೊ ಈ ಕೊರತೆಯನ್ನು ತುಂಬಲು ಹೆಚ್ಚು ದುಡಿಯುತ್ತದೆ, ಒಳಬರುವ ಗಾಳಿ ಮತ್ತಷ್ಟು ಕಾಯುತ್ತದೆ, ನಾಕಿಂಗ್ ಸದ್ದನ್ನು ಗ್ರಹಿಸಿದ ಇಸಿಯು (ಎಂಜಿನ್ನಿನ ನಿಯಂತ್ರಣ ಗಣಕ) ಕಿಡಿಯ ಕಾಲವನ್ನು ಹಿಂದಕ್ಕೆ ಸರಿಸುತ್ತದೆ. ಪರಿಣಾಮವಾಗಿ ಹಣ ತೆತ್ತು ಗಳಿಸಿದ ಶಕ್ತಿಯ ಒಂದು ಪಾಲು ವೈಶಾಖದ ಮಧ್ಯಾಹ್ನದಲ್ಲಿ ಕರಗಿಹೋಗುತ್ತದೆ. ಮಹಾನಗರಗಳಲ್ಲಿ ದೊರೆಯುವ ಉಚ್ಚ ಆಕ್ಟೇನಿನ ಪೆಟ್ರೋಲನ್ನು ನಂಬಿ ಬರೆದ ಮ್ಯಾಪನ್ನು ಸಾಧಾರಣ ಪೆಟ್ರೋಲಿನಲ್ಲಿ ನಡೆಸುವವನಿಗೆ ಈ ಅಪಾಯ ಇಮ್ಮಡಿ. ಮ್ಯಾಪನ್ನು ಅಳಿಸಿ ಮೂಲದ್ದನ್ನು ತುಂಬಿದರೆ ಗುರುತೇ ಉಳಿಯದೆಂಬ ಮಾತೂ ಪೂರ್ಣವಾಗಿ ನಿಜವಲ್ಲ; ಈಚಿನ ಅನೇಕ ಇಸಿಯುಗಳು ತಮ್ಮನ್ನು ಎಷ್ಟು ಸಲ ಬರೆಯಲಾಯಿತೆಂಬ ಎಣಿಕೆಯನ್ನು ಒಳಗೇ ಇಟ್ಟುಕೊಂಡಿರುತ್ತವೆ. ಆದುದರಿಂದ ಕೊಳ್ಳುವವನಿಗೆ ಮುಚ್ಚಿಡುವುದು ಅಧರ್ಮವಾಗಿರುವಂತೆಯೇ ಅವಿವೇಕವೂ ಆಗಿದೆ.

ಕೆಳಕ್ಕಿಳಿಸಿದ ಕಾರು ರಸ್ತೆಯನ್ನು ಹೆಚ್ಚು ಭದ್ರವಾಗಿ ಹಿಡಿಯುವುದೆಂಬ ನಂಬಿಕೆಯು ರೇಸಿನ ಟ್ರ್ಯಾಕಿನ ಮೇಲೆ ದಿಟ. ಅಂಥ ಟ್ರ್ಯಾಕು ನಮಗೆ ದೂರದ ಕೊಯಮತ್ತೂರಿನಲ್ಲಿಯೋ ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯಲ್ಲಿಯೋ ಇದೆ. ಇಲ್ಲಿರುವುದು ಜೇವರ್ಗಿಯಿಂದ ಶಹಾಪುರ, ಸುರಪುರಗಳ ಮಾರ್ಗವಾಗಿ ತಿಂಥಣಿಯ ಬಳಿ ಕೃಷ್ಣೆಯನ್ನು ದಾಟಿ ಲಿಂಗಸುಗೂರಿನತ್ತ ಹೋಗುವ ಹೆದ್ದಾರಿ, ಮತ್ತು ಅದರಿಂದ ಕವಲೊಡೆದು ಎರೆಭೂಮಿಯ ನಡುವೆ ಸಾಗುವ ಹಳ್ಳಿಯ ರಸ್ತೆಗಳು. ಸುಗ್ಗಿಯ ಕಾಲದಲ್ಲಿ ಈ ಒಳರಸ್ತೆಗಳ ಮೇಲೆ ರೈತರು ರಾಶಿಗಾಗಿ ತೊಗರಿ, ಹುರುಳಿ, ಸಜ್ಜೆಗಳನ್ನು ಹರಡಿರುತ್ತಾರೆ. ಎತ್ತರದ ಜೀಪು ಅದರ ಮೇಲೆ ಹಾಯ್ದುಹೋಗುವುದು; ಸ್ಪ್ರಿಂಗು ಕತ್ತರಿಸಿ ಇಳಿಸಿದ ಕಾರಿನ ಹೊಟ್ಟೆಯಡಿ ಮಾತ್ರ ಒಣಗಿದ ಹುರುಳಿಯ ಬಳ್ಳಿಯು ಆಕ್ಸಲ್ಲಿಗೆ ಹುರಿಯಂತೆ ಸುತ್ತಿಕೊಂಡು, ಕಾದ ಎಕ್ಸಾಸ್ಟಿನ ಪೈಪಿಗೆ ಒತ್ತಿ, ಮೊದಲು ಹೊಗೆಯಾಡಿ ಆಮೇಲೆ ಹೊತ್ತಿಕೊಳ್ಳಬಹುದು. ಕರ್ನಾಟಕದಲ್ಲಿ ಹೀಗೆ ಕಾರುಗಳು ಸುಟ್ಟು ಕರಕಲಾದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಎಕ್ಸಾಸ್ಟನ್ನು ಬದಲಿಸುವಾಗ ಶಾಖತಡೆಯ ತಗಡನ್ನು ತೆಗೆದೆಸೆದವನು ಈ ಅಪಾಯವನ್ನು ತಾನಾಗಿ ಹೆಚ್ಚಿಸಿಕೊಂಡಂತೆ. ಕಾರನ್ನು ಇಟ್ಟುಕೊಳ್ಳಬೇಕೆಂದು ನಿಶ್ಚಯಿಸುವವನು ಮೊದಲು ಎತ್ತರವನ್ನು ಮೂಲದ ಅಳತೆಗೆ ತರಲಿ, ಆ ತಗಡನ್ನು ಮರಳಿ ಹಾಕಿಸಲಿ. ಉಳಿದ ಮಾತೆಲ್ಲ ಅನಂತರದ್ದು.

“ಇದು ಅಪರೂಪದ ಗಾಡಿ, ಇಟ್ರ ಬಂಗಾರ ಆಗ್ತೈತಿ” ಎಂದು ಕಾಯುವವರ ವಿಷಯ ಬೇರೆ. 2020ರಲ್ಲಿ ಭಾರತಕ್ಕೆ ಕೇವಲ 200ರ ಸಂಖ್ಯೆಯಲ್ಲಿ ಬಂದ ಆಕ್ಟೇವಿಯಾ ಆರ್‌ಎಸ್ 245ರಂಥ ಕಾರಿಗೆ ಮುಂದೆ ಬೆಲೆ ಬರಬಹುದೆಂಬ ನಿರೀಕ್ಷೆಯು ಅಸಂಗತವಲ್ಲ. ಆದರೆ ಸಂಗ್ರಹಕಾರನು ಅರಸುವುದು ಕಾರ್ಖಾನೆಯಿಂದ ಹೊರಬಂದಂತೆಯೇ ಉಳಿದ ಪ್ರತಿಯನ್ನು. ಪ್ರತಿಯೊಂದು ಬದಲಾವಣೆಯೂ ಆ ಅಪೂರ್ವತೆಯನ್ನು ಸವೆಸುತ್ತದೆ. 15 ವರ್ಷ ತುಂಬಿದೊಡನೆ ಕಾರನ್ನು ಗುಜರಿಗೇ ಹಾಕಬೇಕೆಂಬ ಭಯದಿಂದ ಆತುರದಲ್ಲಿ ಮಾರುವುದೂ ಬೇಡ: ಕರ್ನಾಟಕದಲ್ಲಿ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಆ ಶುಲ್ಕವು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ನವೀಕರಣಕ್ಕೆ ಮೊದಲು ಕಾರಿನ ತಪಾಸಣೆಯಾಗುತ್ತದೆ. ಮೂಲ ಭಾಗಗಳು ಇಲ್ಲದವನಿಗೆ ಕಷ್ಟವಾಗುವುದು ಅಲ್ಲಿಯೇ.

ಎಲ್ಲಕ್ಕಿಂತ ಘೋರವಾದ ತಪ್ಪು ಕಲ್ಪನೆಯು ಕಾಗದಪತ್ರದ್ದು. ಹಣ ಎಣಿಸಿಕೊಂಡು, ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೆಯ ನಮೂನೆಗಳಿಗೆ ಸಹಿ ಹಾಕಿ, ಬೀಗದ ಕೈ ಕೊಟ್ಟೊಡನೆ ತನ್ನ ಹೊಣೆ ಮುಗಿಯಿತೆಂದು ಬಹುತೇಕರು ತಿಳಿದಿದ್ದಾರೆ. ಕಾರೊಂದು ಹೀಗೆಯೇ ಒಬ್ಬರಿಂದೊಬ್ಬರಿಗೆ ಮಾರಾಟವಾಗುತ್ತ ಹೋಗಿ, ನೋಂದಣಿ ಮಾತ್ರ ಮೊದಲಿನವನ ಹೆಸರಿನಲ್ಲಿಯೇ ಉಳಿದು, ಅನಂತರ ಅಪಘಾತವಾದ ಪ್ರಕರಣವನ್ನು ವಿಚಾರಿಸಿದ ಸರ್ವೋಚ್ಚ ನ್ಯಾಯಾಲಯವು, 2018ರ ಫೆಬ್ರವರಿ 6ರಂದು, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕನೆಂದೂ ಪರಿಹಾರದ ಹೊಣೆ ಅವನದೆಂದೂ ತೀರ್ಮಾನಿಸಿತು. ವೇಗದ ಕಾರನ್ನು ಕೊಳ್ಳುವವನು ಬಹುಶಃ ತರುಣ, ಅದರ ಶಕ್ತಿಯ ಪರಿಚಯ ಅವನಿಗೆ ಹೊಸದು. ಹಾಗಿರುವಾಗ ಹೆಸರು ಬದಲಾಗದೆ ಕಾರನ್ನು ಕೈಬಿಡುವುದೆಂದರೆ ಮಡಿಲಲ್ಲಿ ಕೆಂಡ ಕಟ್ಟಿಕೊಂಡಂತೆ. ಕೊಳ್ಳುವವನು ರಾಜ್ಯದೊಳಗಿನವನಾದರೆ ಮಾರಿದವನು 14 ದಿನಗಳೊಳಗೆ ಸಾರಿಗೆ ಕಚೇರಿಗೆ ವರದಿ ಮಾಡತಕ್ಕದ್ದು. ಹೊರರಾಜ್ಯದವನಾದರೆ 45 ದಿನಗಳೊಳಗೆ, ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಸಮೇತ. ನಮ್ಮ ಸೀಮೆಗೆ ಬೆಂಗಳೂರಿಗಿಂತ ಹೈದರಾಬಾದು ಸಮೀಪವಾದುದರಿಂದ, ಒಳ್ಳೆಯ ಬೆಲೆ ಹೇಳುವವನು ತೆಲಂಗಾಣದಿಂದ ಬರುವ ಸಂಭವ ಹೆಚ್ಚು. ಅವನು ಅಲ್ಲಿ ಮತ್ತೆ ಜೀವಾವಧಿ ತೆರಿಗೆ ಕಟ್ಟಬೇಕಾಗುವುದರಿಂದ ಹೆಸರು ಬದಲಿಸುವುದನ್ನು ಮುಂದೂಡಲು ಅವನಿಗೆ ಪ್ರಲೋಭನೆಯೂ ಹೆಚ್ಚು. ಸಾಲವಿದ್ದರೆ ಬ್ಯಾಂಕಿನಿಂದ 35ನೆಯ ನಮೂನೆಯನ್ನು ಪಡೆದು ಆರ್‌ಸಿಯಿಂದ ಅಡಮಾನದ ನಮೂದನ್ನು ಮೊದಲೇ ತೆಗೆಸಬೇಕು. ಹಳೆಯ ಕಾರು ಮಾರಿದರೆ ಶೇ. 18ರ ಜಿಎಸ್‌ಟಿ ಬೀಳುವುದೆಂಬ ವದಂತಿಗೆ ಮಾತ್ರ ಕಿವಿಗೊಡಬೇಕಾಗಿಲ್ಲ. 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಒಪ್ಪಿದ ಆ ದರವು ನೋಂದಾಯಿತ ವ್ಯಾಪಾರಿಯ ಲಾಭಾಂಶಕ್ಕೆ ಅನ್ವಯಿಸುವುದೇ ಹೊರತು ತನ್ನ ಸ್ವಂತದ ಕಾರನ್ನು ಮಾರುವ ಗೃಹಸ್ಥನಿಗಲ್ಲ.

ಹಾಗಾದರೆ ಮಾರಬೇಕೇ? ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುವೆನು. ಮನೆಗೆ ಅದೊಂದೇ ವಾಹನವಾಗಿದ್ದು, ಅಪರಾತ್ರಿಯಲ್ಲಿ ಹಿರಿಯರನ್ನು ಕಲಬುರಗಿಯ ಆಸ್ಪತ್ರೆಗೆ ಒಯ್ಯಬೇಕಾದಾಗ ಹಂಪು ಹಂಪಿಗೂ ಅಡಿ ತಾಗುವ, ಬೆನ್ನು ಮುರಿಯುವ ಸ್ಥಿತಿಗೆ ಅದನ್ನು ತಂದುಕೊಂಡಿದ್ದರೆ, ಪೂರ್ವಸ್ಥಿತಿಗೆ ತಂದು ಮಾರುವುದೇ ಲೇಸು. ಮೂಲ ಭಾಗಗಳೂ ಇಲ್ಲದೆ, ಅವನ್ನು ಕೊಳ್ಳುವ ಹಣವೂ ಇಲ್ಲದೆ ಇರುವವನು, ಎಲ್ಲವನ್ನೂ ಬರಹದಲ್ಲಿ ತಿಳಿಸಿ, ಕಡಿಮೆ ಬೆಲೆಯನ್ನು ಒಪ್ಪಿ ಕೊಡಲಿ. ವರ್ಷ ಕಳೆದಂತೆ ಆ ಬೆಲೆಯೂ ಇಳಿಯುವುದೇ ಸೈ. ಮನೆಯಲ್ಲಿ ಇನ್ನೊಂದು ಕಾರಿದ್ದು, ಭಾಗಗಳು ಅಟ್ಟದ ಮೇಲಿದ್ದು, ಬದಲಾವಣೆಗಳನ್ನು ಕಾನೂನಿನ ಮಿತಿಯೊಳಕ್ಕೆ ತರಬಲ್ಲವನಿಗೆ ಮಾತ್ರ ಮಾರಬೇಡವೆಂದೇ ಹೇಳುವೆನು, ಏಕೆಂದರೆ ಅವನು ಅದರಲ್ಲಿ ಕಂಡ ಸಂತೋಷಕ್ಕೆ ಪೇಟೆಯಲ್ಲಿ ಯಾರೂ ಬೆಲೆ ಕಟ್ಟಲಾರರು. ಮಾರುವವನು ಕೊಡುವ ದಿನ ಎರಡು ಪಟ್ಟಿಗಳನ್ನು ಬರೆಯಲಿ: ಕಾರಿನಲ್ಲಿ ಉಳಿದಿರುವ ಬದಲಾವಣೆಗಳದ್ದೊಂದು, ಜೊತೆಗೆ ಒಪ್ಪಿಸಿದ ಮೂಲ ಭಾಗಗಳದ್ದೊಂದು. ಎರಡಕ್ಕೂ ದಿನಾಂಕವನ್ನೂ ಹೊತ್ತನ್ನೂ ಹಾಕಿ ಕೊಳ್ಳುವವನ ಸಹಿ ಪಡೆದು, ಆರ್‌ಸಿಯಲ್ಲಿ ಹೆಸರು ಬದಲಾದ ಪ್ರತಿ ಕೈಸೇರುವವರೆಗೆ ಬೆಲೆಯ ಒಂದು ಪಾಲನ್ನು ಬಾಕಿಯಿರಿಸಿಕೊಳ್ಳುವ ಅವಕಾಶವನ್ನು ಕೊಳ್ಳುವವನಿಗೆ ಕೊಡದೆ, ಸಾಧ್ಯವಾದರೆ ತಾನೇ ಅವನೊಡನೆ ಯಾದಗಿರಿಯ ಸಾರಿಗೆ ಕಚೇರಿಗೆ ಹೋಗಿ, ಅರ್ಜಿಯ ರಸೀದಿಯನ್ನು ಕೈಗೆ ತೆಗೆದುಕೊಂಡ ಮೇಲೆಯೇ ಬೀಗದ ಕೈಯನ್ನು ಕೊಡಲಿ.